ತೊಂಬತ್ತಾರು

ಮೈಕಿಗೆ ಹೊಸ ಸೆಲ್ಲು ಹಾಕಿ, ಹಲೋ ಹಲೋ ಎಂದು
ಇನ್ನೂರ ನಲವತ್ತು ಖಾಲಿ ಕುರ್ಚಿಗಳಿಗೆ ಹೇಳಿ ನೋಡಿದೆ.
ಕಿಟಕಿಯಾಚೆ ಕಾರವಾರದ ಸಮುದ್ರ, ಬೈತಖೋಲಿನ ಬೋಟುಗಳು.
ಉಪ್ಪುಗಾಳಿಗೆ ಪರದೆಯ ಕೊಕ್ಕೆ ಮತ್ತೆ ತುಕ್ಕು ಹಿಡಿದಿತ್ತು,
ಎಣ್ಣೆ ಬಿಟ್ಟು ಎಳೆದೆ. ಕತ್ತಲಾಯಿತು.

ಸಾರ್ವಜನಿಕ ಉಪನ್ಯಾಸ: ಚರ್ಮದ ಬಣ್ಣ, ಆರೋಗ್ಯ, ಸಮಪಾಲು.
ಸಾರ್ವಜನಿಕರೆಂದು ಬಂದವರು ಇಬ್ಬರೇ,
ನಿವೃತ್ತ ಪೋಸ್ಟ್ ಮಾಸ್ತರು, ಮತ್ತೆ
ಫ್ಯಾನಿನ ಗಾಳಿಗೆ ಒಳಬಂದ ಐಸ್‌ಕ್ಯಾಂಡಿ ಹುಡುಗ.
ಉಳಿದವರೆಲ್ಲ ಹಾಜರಿಗೆ ಬಂದ ಮಕ್ಕಳು.
ಬಾಗಿಲ ಬಳಿ ಸ್ಟೂಲಿನ ಮೇಲೆ ನಾನು, ದಿಯೋಗ ಸಿದ್ದಿ, ಅಟೆಂಡರು.
ಹನ್ನೊಂದು ವರ್ಷದ ನೌಕರಿ. ಈಗಲೂ ಹೊಸ ಬ್ಯಾಚು ಬಂದಾಗ
ಯಾರಾದರೊಬ್ಬರು ಇಂಗ್ಲಿಷಿನಲ್ಲಿ ಯಾವ ದೇಶವೆಂದು ಕೇಳುತ್ತಾರೆ.
ಯಲ್ಲಾಪುರ, ಎನ್ನುತ್ತೇನೆ.
ಅದೆಲ್ಲಿ ಬರುತ್ತದೆ?
ಘಟ್ಟದ ಮೇಲೆ.

ಡಾಕ್ಟರಮ್ಮ ದೂರದಿಂದ ಬಂದವರು, ಮೆಲುದನಿ.
ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿನ ಚಿತ್ರ ತೋರಿಸಿದರು.
ಕೆಂಪು ಬೆಳಕು ಚರ್ಮ ದಾಟಿ ಹೋಗಿ ರಕ್ತದ ಲೆಕ್ಕ ತರುತ್ತದೆ,
ಕಪ್ಪು ಚರ್ಮವಾದರೆ ಕೆಲವೊಮ್ಮೆ
ಇದ್ದದ್ದಕ್ಕಿಂತ ಹೆಚ್ಚೇ ಹೇಳಿಬಿಡುತ್ತದೆ, ಎಂದರು.
ಮೂರು ನಾಲ್ಕು ಅಂಕ.
ಆಮೇಲೆ ಗ್ರಾಫು.

ಮೂರು ನಾಲ್ಕು ಅಂಕವೆಂದರೆ ಎಷ್ಟೆಂದು ನನಗೆ ಗೊತ್ತು.
ಮಿಂಗೆಲಿ ಅಕ್ಕನ ಬೆರಳಿನ ಮೇಲೆ ಅದು ತೊಂಬತ್ತಾರು ಎಂದಿತ್ತು.
'ತೊಂಬತ್ತಾರು ಉಂಟಲ್ಲ ಮಾರಾಯ, ಹೆದರೂದು ಎಂತಕ್ಕೆ?
ಮನೆಗೆ ಕರ್ಕಂಡು ಹೋಗು, ಗಂಜಿ ಕೊಡು.'
ಅಕ್ಕ ಏನೂ ಅನ್ನಲಿಲ್ಲ. ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದಳು,
ಆಳದ ಬಾವಿಯಿಂದ ಒಬ್ಬಳೇ ಕೊಡ ಸೇದುವವಳ ಹಾಗೆ.

ನತಾಲಬಾಯಿ ಬಂದಳು, ನಮ್ಮ ಕೇರಿಯ ಸೂಲಗಿತ್ತಿ,
ರೇಷನ್ ಕಾರ್ಡಿಗೂ ಹೆಬ್ಬೆಟ್ಟು ಒತ್ತುವವಳು.
'ನಾಲಗೆ ಎತ್ತು' ಎಂದಳು. ಟಾರ್ಚು ಹಿಡಿದಳು.
ಅಲ್ಲಿ, ನಾಲಗೆಯ ಅಡಿಯಲ್ಲಿ, ನೇರಳೆಹಣ್ಣು ತಿಂದ ಬಣ್ಣ.
ಅದು ನೇರಳೆಯ ಕಾಲವಲ್ಲ.
'ನಮ್ಮ ಮೈ ಹೊರಗೆ ಹೇಳೂದಿಲ್ಲ ಮಗನೇ,
ಬಾಯೊಳಗೆ ಹೋಗಿ ಕೇಳಬೇಕು.'

ಅರಬೈಲ್ ಘಟ್ಟ ಇಳಿಯುವಾಗ ಜೀಪಿನಲ್ಲಿ
ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ತಿರುವು ಎಣಿಸುತ್ತಿದ್ದೆ.
ಹದಿಮೂರರ ನಂತರ ಎಣಿಸಲಿಲ್ಲ.

'ತೋರಿಸಲು ಯಾರಾದರೂ ಮುಂದೆ ಬನ್ನಿ'
ಎಂದರು ವೇದಿಕೆಯಿಂದ.
ಯಾರೂ ಬಾಯಿ ಬಿಡಲಿಲ್ಲ. ಕುತ್ತಿಗೆಗಳು ಮಾತ್ರ
ಒಂದೊಂದಾಗಿ ಬಾಗಿಲ ಕಡೆ ತಿರುಗಿದವು.
ಹೋದೆ. ಬೆರಳು ಕೊಟ್ಟೆ.
ತೊಂಬತ್ತೆಂಟು. ಯಾರೋ ಚಪ್ಪಾಳೆ ತಟ್ಟಿದರು,
ಪಾಸಾದೆನೆಂಬಂತೆ.

'ನಾಲಗೆಯ ಅಡಿ ನೋಡಬೇಕು ಮೇಡಂ, ನಮ್ಮ ನತಾಲಬಾಯಿ
ಅಲ್ಲೇ ನೋಡೂದು' ಎಂದೆ. ನನ್ನ ದನಿ ಮೈಕಿನಲ್ಲಿ ದೊಡ್ಡದಾಗಿ
ಗೋಡೆಗೆ ಬಡಿದು ನನಗೇ ಕೇಳಿಸಿತು.
ಡಾಕ್ಟರಮ್ಮ ಗ್ರಾಫು ಆರಿಸಿದರು.
ಮಕ್ಕಳನ್ನು ಸಾಲಾಗಿ ಕರೆದರು, ಮೊಬೈಲಿನ ಬೆಳಕು ಹಿಡಿದು
ಹತ್ತು, ಇಪ್ಪತ್ತು, ನಲವತ್ತು ಮುಖ ಬಗ್ಗಿ ನೋಡಿದವು.
ಹೀಗಿದ್ದರೆ ಸರಿ, ಇದು ಗುಲಾಬಿ,
ಇದನ್ನು ನೆನಪಿಟ್ಟುಕೊಳ್ಳಿ, ಎನ್ನುತ್ತಿದ್ದರು ಅವರು.
ಅಕ್ಕನ ಹೆಸರನ್ನಾದರೂ ಹೇಳಬೇಕೆಂದಿದ್ದೆ.
ನಾಲಗೆ ಎತ್ತಿ ನಿಂತವನಿಗೆ ಮಾತು ಬರುವುದಿಲ್ಲ.
ಜೊಲ್ಲು ಇಳಿಯಿತು, ಕರವಸ್ತ್ರ ಹುಡುಕಿದೆ.

ಚಹಾಕ್ಕೆ ಎಲ್ಲ ಹೋದ ಮೇಲೆ ಪರದೆ ಸರಿಸಿದೆ.
ಬಿಸಿಲು, ಸಮುದ್ರ, ಬೋಟು ಎರಡು ಕಡಿಮೆ.
ಬೇಲೇಕೇರಿ ಕಡೆಯ ಹುಡುಗಿ, ಮೂರನೇ ವರ್ಷದವಳು,
ತಿರುಗಿ ಬಂದು ಬಾಗಿಲಲ್ಲಿ ನಿಂತಳು:
'ಆ ಬಾಯಿ ಈಗಲೂ ಇದ್ದಾರಾ?'
ಇದ್ದಾಳೆ.
'ಹೋದ್ರೆ ಕಲಿಸ್ತಾರಾ?'
ಬೈಯುತ್ತಾಳೆ ಮೊದಲು. ಆಮೇಲೆ ಕಲಿಸುತ್ತಾಳೆ.
ಯಲ್ಲಾಪುರಕ್ಕೆ ಮೂರು ತಾಸು, ಅಲ್ಲಿಂದ ಟೆಂಪೊ,
ಹಳ್ಳ ದಾಟಿ ಸ್ವಲ್ಪ ನಡಿಗೆ. ಬೆಳಿಗ್ಗೆ ಆರೂವರೆಯ ಬಸ್ಸು
ತಪ್ಪಿದರೆ ಆ ದಿನ ಹೋಗಲೇಬೇಡಿ.
ಅವಳು ಅಂಗೈ ಮೇಲೆ ಬರೆದುಕೊಂಡಳು: ೬.೩೦.